ನಿಂತ ಹನಿ ನಿಲ್ಲುತ್ತಿಲ್ಲ: ಮೇಲ್ಮೈ ಎಳೆತದ ಸಿಮ್ಯುಲೇಶನ್‌ನಲ್ಲಿ ತಾನಾಗಿಯೇ ಹುಟ್ಟುವ ಸುಳಿಗಳು

ಹನಿಗಣಕ

ಎಲ್ಲರಿಗೂ ನಮಸ್ಕಾರ. ಎರಡು ವಾರದಿಂದ ತಲೆ ಕೆಡಿಸಿಕೊಂಡು ಕೂತಿದ್ದೇನೆ, ಸ್ವಲ್ಪ ದಾರಿ ತೋರಿಸಿ.

ಕಲಿಯೋದಕ್ಕೆ ಅಂತ ಒಂದು 2ಡಿ ಕೋಡ್ ಬರೆದಿದ್ದೇನೆ. ನೀರು, ಗಾಳಿ ಎರಡೂ ಇವೆ. ವಿಓಎಫ್ (ವಾಲ್ಯೂಮ್ ಆಫ್ ಫ್ಲೂಯಿಡ್) ವಿಧಾನ. ಜಾಗವನ್ನು ಸಣ್ಣ ಚೌಕದ ಸೆಲ್‌ಗಳಾಗಿ ಹೋಳು ಮಾಡಿ, ಪ್ರತಿ ಸೆಲ್‌ನಲ್ಲಿ ನೀರಿನ ಪಾಲು ಎಷ್ಟು ಅಂತ 0ರಿಂದ 1ರ ನಡುವಿನ ಒಂದು ಸಂಖ್ಯೆ ಇಟ್ಟುಕೊಂಡಿದ್ದೇನೆ. ಮೇಲ್ಮೈ ಎಳೆತಕ್ಕೆ ಬ್ರ್ಯಾಕ್‌ಬಿಲ್, ಕೋತ್, ಝೆಮಾಕ್ ಮೂವರು 1992ರಲ್ಲಿ ಕೊಟ್ಟ ಸಿಎಸ್‌ಎಫ್ (ಕಂಟಿನ್ಯುಅಮ್ ಸರ್ಫೇಸ್ ಫೋರ್ಸ್) ಸೂತ್ರ. ಅಂದರೆ ಎಳೆತ, ವಕ್ರತೆ, ಪಾಲಿನ ಗ್ರೇಡಿಯಂಟ್ (ಜಾಗದಿಂದ ಜಾಗಕ್ಕೆ ಅದು ಬದಲಾಗುವ ದರ) ಮೂರನ್ನೂ ಗುಣಿಸಿದರೆ ಬಲ.

ಮೊದಲ ಪರೀಕ್ಷೆಗೆ ಅತಿ ಸುಲಭದ್ದೇ ಇರಲಿ ಅಂತ ನಿಂತ ಹನಿ ಆರಿಸಿಕೊಂಡೆ. 4 ಮಿಲಿಮೀಟರ್ ಚೌಕದ ಮಧ್ಯೆ 1 ಮಿಲಿಮೀಟರ್ ತ್ರಿಜ್ಯದ ಹನಿ. ಗುರುತ್ವ ಇಲ್ಲ. ಶುರುವಿನಲ್ಲಿ ವೇಗ ಸೊನ್ನೆ. ನೀರಿನ ಮೇಲ್ಮೈ ಎಳೆತ ಮೀಟರಿಗೆ 0.072 ನ್ಯೂಟನ್ ಅಂತ ತೆಗೆದುಕೊಂಡರೆ, 2ಡಿಯಲ್ಲಿ ಒಳಗಿನ ಒತ್ತಡ ಹೊರಗಿಗಿಂತ 72 ಪ್ಯಾಸ್ಕಲ್ ಜಾಸ್ತಿ ಇರಬೇಕು. ಅಷ್ಟೇ. ಬೇರೇನೂ ಆಗಬಾರದು.

ಆದರೆ ಆಗುತ್ತಿದೆ! ಅಂಚಿನ ಸುತ್ತ ಸುಳಿಗಳು ಏಳುತ್ತವೆ. ಸೆಕೆಂಡಿಗೆ 0.2 ಮೀಟರ್ ವೇಗ. ಒತ್ತಡದ ಜಿಗಿತ 69 ಬರುತ್ತಿದೆ, ಅದೇನೋ ಪರವಾಗಿಲ್ಲ ಅಂದುಕೊಂಡೆ. ಸೆಲ್ ಅಳತೆ 50 ಮೈಕ್ರಾನ್ ಇತ್ತು, 25ಕ್ಕೆ ಇಳಿಸಿದರೆ ಸರಿಹೋದೀತು ಅಂತ ನೋಡಿದೆ. ವೇಗ 0.3 ದಾಟಿತು. ಮೆಶ್, ಅಂದರೆ ಸೆಲ್‌ಗಳ ಗ್ರಿಡ್, ಸಣ್ಣ ಮಾಡಿದರೆ ತಪ್ಪು ಹೆಚ್ಚಾಗೋದು ಎಲ್ಲಾದರೂ ಉಂಟೇ?

ರಾತ್ರಿಪಾಳಿ

ಉಂಟು, ಮತ್ತು ನಮ್ಮ ಬಳಗಕ್ಕೆ ಸ್ವಾಗತ. ಇದಕ್ಕೆ ಪುಸ್ತಕದ ಹೆಸರು ಸ್ಪ್ಯೂರಿಯಸ್ ಕರೆಂಟ್ಸ್. ಕೆಲವರು ಪ್ಯಾರಸಿಟಿಕ್ ಅಂತಾರೆ. ನಾವು ಕೆಲಸದಲ್ಲಿ ಕಳ್ಳ ಪ್ರವಾಹ ಅಂತ ಕರೆಯುತ್ತೇವೆ.

ಬೇಗ ಮುಗಿಸಬೇಕಿದ್ದರೆ ಎರಡು ಉಪಾಯ ಇದೆ. ಸ್ನಿಗ್ಧತೆಯನ್ನು ಹತ್ತು ಪಟ್ಟು ಏರಿಸಿ. ವಕ್ರತೆ ಲೆಕ್ಕ ಹಾಕುವ ಮೊದಲು ನೀರಿನ ಪಾಲನ್ನು ಎರಡು ಮೂರು ಸಲ ಸವರಿ ನುಣುಪು ಮಾಡಿ. ಚಿತ್ರ ಚೆನ್ನಾಗಿ ಬರುತ್ತದೆ. ನಾನು ಎಷ್ಟೋ ವರದಿ ಹೀಗೇ ಕಳಿಸಿದ್ದೇನೆ, ಸುಳ್ಳು ಯಾಕೆ ಹೇಳಲಿ.

ಮೆಶ್‌ಮೇಷ್ಟ್ರು

ರಾತ್ರಿಪಾಳಿಯವರೇ, ಬೆಳಬೆಳಗ್ಗೆ ಬಿಪಿ ಏರಿಸಬೇಡಿ. 🙂

ಕಳ್ಳ ಪ್ರವಾಹದ ವೇಗ ಸಾಮಾನ್ಯವಾಗಿ ಎಳೆತವನ್ನು ಸ್ನಿಗ್ಧತೆಯಿಂದ ಭಾಗಿಸಿದಷ್ಟರ ಒಂದು ಪಾಲು. ನೀರಿಗೆ ಆ ಭಾಗಲಬ್ಧ ಸೆಕೆಂಡಿಗೆ ಸುಮಾರು 72 ಮೀಟರ್. ನಿಮ್ಮ ವಿಧಾನ ಎಷ್ಟು ಕೆಟ್ಟದ್ದು ಅನ್ನೋದರ ಮೇಲೆ ಅದರ ನೂರನೇ ಪಾಲೋ ಸಾವಿರದ ಪಾಲೋ ಕಾಣಿಸಿಕೊಳ್ಳುತ್ತದೆ. ಹಾಗಾಗಿ ಸ್ನಿಗ್ಧತೆ ಏರಿಸಿದರೆ ವೇಗ ಇಳಿಯುವುದು ಖಂಡಿತ. ಆದರೆ ಅದು ಜ್ವರ ಬಂದವನ ಥರ್ಮಾಮೀಟರನ್ನು ತಣ್ಣೀರಿಗೆ ಅದ್ದಿ ಓದಿದ ಹಾಗೆ. ನೀರಿನ ಲೆಕ್ಕ ಬೇಕು ಅಂತ ಹೊರಟು ಎಣ್ಣೆಯ ಲೆಕ್ಕ ಹಾಕಿ ಬಂದಂತಾಯಿತು.

ಹನಿಗಣಕರೇ, ಮೊದಲು ಒಂದು ಸಣ್ಣ ಲೆಕ್ಕ ನೋಡಿ. 72 ಪ್ಯಾಸ್ಕಲ್ ಜಿಗಿತ ನಿಮ್ಮ ಗ್ರಿಡ್‌ನಲ್ಲಿ ಒಂದೇ ಸೆಲ್ ದಾಟುವುದರೊಳಗೆ ಆಗಬೇಕು. ಅಂದರೆ 50 ಮೈಕ್ರಾನ್‌ನಲ್ಲಿ. ಮೀಟರಿಗೆ ಹಾಕಿದರೆ 14.4 ಲಕ್ಷ ಪ್ಯಾಸ್ಕಲ್. ನಿಂತ ನೀರಿನಲ್ಲಿ ಗುರುತ್ವದಿಂದ ಬರುವ ಒತ್ತಡದ ಏರಿಕೆ ಮೀಟರಿಗೆ ಸುಮಾರು 9,800 ಪ್ಯಾಸ್ಕಲ್. ನೂರೈವತ್ತು ಪಟ್ಟಿನ ಹತ್ತಿರ ವ್ಯತ್ಯಾಸ. ಒಂದು ಕಡೆಯಿಂದ ಎಳೆತ ಇಷ್ಟು ಬಲವಾಗಿ ಒಳಗೆ ತಳ್ಳುತ್ತಿದೆ, ಇನ್ನೊಂದು ಕಡೆಯಿಂದ ಒತ್ತಡ ಅಷ್ಟೇ ಬಲವಾಗಿ ಹೊರಗೆ ತಳ್ಳುತ್ತಿದೆ. ಎರಡೂ ಒಂದನ್ನೊಂದು ಪೂರ್ತಿ ಹೊಡೆದುಹಾಕಬೇಕು. 1 ಪರ್ಸೆಂಟ್ ತಪ್ಪಿದರೂ ಉಳಿಯುವುದು ಮೀಟರಿಗೆ 14,400 ಪ್ಯಾಸ್ಕಲ್. ಅದು ಗುರುತ್ವಕ್ಕಿಂತ ಜಾಸ್ತಿ. ಅದೇ ಉಳಿಕೆ ಗಾಳಿಯ ಕಡೆಗೆ ಬಿದ್ದರೆ ಕೇಳುವುದೇ ಬೇಡ. ಗಾಳಿಯ ಸಾಂದ್ರತೆ ಘನಮೀಟರಿಗೆ 1.2 ಕಿಲೋ ಮಾತ್ರ. ತಳ್ಳಿದರೆ ಹಾರಿಹೋಗುತ್ತದೆ. ನಿಮ್ಮ ಸುಳಿಗಳು ಗಾಳಿಯ ಬದಿಯಲ್ಲೇ ಜಾಸ್ತಿ ಇವೆ, ಅಲ್ವಾ?

ಮೆಶ್ ಅರ್ಧ ಮಾಡಿದಾಗ ಅದೇ 72 ಪ್ಯಾಸ್ಕಲ್ 25 ಮೈಕ್ರಾನ್‌ನಲ್ಲಿ ಜಿಗಿಯಬೇಕು. ಬಲ ಎರಡು ಪಟ್ಟಾಯಿತು. ತಪ್ಪಿನ ಪರ್ಸೆಂಟ್ ಅಷ್ಟೇ ಉಳಿದರೆ ಉಳಿಕೆಯೂ ಎರಡು ಪಟ್ಟು. ಅದಕ್ಕೇ ನಿಮ್ಮ ಸುಳಿ ಜೋರಾಯಿತು.

ಈಗ ಒಂದು ಕೆಲಸ ಮಾಡಿ. ವಕ್ರತೆ ಲೆಕ್ಕ ಹಾಕುವ ಸಾಲನ್ನೇ ಸದ್ಯಕ್ಕೆ ತೆಗೆದುಹಾಕಿ. ಎಲ್ಲಾ ಸೆಲ್‌ಗೂ ನೇರವಾಗಿ 1000 ಅಂತ ಕೊಡಿ. 1 ಮಿಲಿಮೀಟರ್ ತ್ರಿಜ್ಯದ ವೃತ್ತಕ್ಕೆ ಮೀಟರಿನ ಲೆಕ್ಕದಲ್ಲಿ ಸರಿಯಾದ ವಕ್ರತೆ ಅದೇ. ಆಮೇಲೂ ಸುಳಿ ಏಳುತ್ತಾ ಹೇಳಿ.

ಸುಮ್ನೆ_ಓದುಗ

ಮಧ್ಯೆ ಬಾಯಿ ಹಾಕ್ತಿರೋದಕ್ಕೆ ಕ್ಷಮಿಸಿ. ನಾನು ಈ ಕ್ಷೇತ್ರದವನಲ್ಲ. ಮೇಲ್ಮೈ ಎಳೆತ ಅಂದರೆ ಸರ್ಫೇಸ್ ಟೆನ್ಶನ್ ತಾನೆ? ಅದು ನೀರಿನ ಮೇಲ್ಮೈಯಲ್ಲಿ ಮಾತ್ರ ಇರೋದು. ಮತ್ತೆ ಅದನ್ನು ಸೆಲ್‌ಗಳ ಒಳಗೆ ಬಲ ಅಂತ ಯಾಕೆ ಹಾಕ್ತೀರಿ?

ತೇಲುಗುಳ್ಳೆ

ಹೌದು, ಸರ್ಫೇಸ್ ಟೆನ್ಶನ್ನೇ. ಪ್ರಶ್ನೆ ಚೆನ್ನಾಗಿದೆ, ಇಡೀ ರಗಳೆ ಹುಟ್ಟಿದ್ದೇ ಅಲ್ಲಿಂದ.

ನಿಜವಾದ ನೀರಿನಲ್ಲಿ ಅಂಚಿನ ದಪ್ಪ ನ್ಯಾನೊಮೀಟರ್ ಲೆಕ್ಕದ್ದು. ನಮ್ಮ ಸೆಲ್ 50 ಮೈಕ್ರಾನ್. ಅಂದರೆ ಅಂಚು ಗ್ರಿಡ್‌ಗೆ ಕಾಣುವುದೇ ಇಲ್ಲ. ಒಂದು ಸೆಲ್‌ನಲ್ಲಿ 0.37 ಪಾಲು ನೀರಿದೆ ಅಂತ ಗೊತ್ತು, ಆದರೆ ಗೆರೆ ಆ ಸೆಲ್ಲಿನೊಳಗೆ ಎಲ್ಲಿ ಹಾದುಹೋಗಿದೆ ಅನ್ನೋದು ಅಕ್ಕಪಕ್ಕದ ಸೆಲ್ ನೋಡಿ ಊಹಿಸಬೇಕು. ಗೆರೆಯ ಮೇಲಿನ ಬಲವನ್ನು ಒಂದೆರಡು ಸೆಲ್ ಅಗಲದ ಪಟ್ಟಿಗೆ ಹರಡಿಬಿಡೋಣ, ಒಟ್ಟು ಮೊತ್ತ ಸರಿಯಿದ್ದರೆ ಸಾಕು ಅನ್ನೋದು ಸಿಎಸ್‌ಎಫ್‌ನ ಉಪಾಯ. ಸರಳ, ಯಾವ ಕೋಡಿಗೂ ಹೊಂದಿಕೊಳ್ಳುತ್ತದೆ. ಅದಕ್ಕೇ ಎಲ್ಲಾ ಕಡೆ ಹಬ್ಬಿತು.

ಮೇಷ್ಟ್ರೇ, ನಿಮ್ಮ ಲೆಕ್ಕಕ್ಕೆ ಒಂದು ತಿದ್ದುಪಡಿ. ವಕ್ರತೆ ಎಲ್ಲಾ ಕಡೆ ಒಂದೇ ಸಮ 1 ಪರ್ಸೆಂಟ್ ತಪ್ಪಿದ್ದರೆ ಸುಳಿ ಏಳುವುದಿಲ್ಲ. ಒತ್ತಡ 72ರ ಬದಲು 72.7 ಆಗುತ್ತದೆ, ಹನಿ ತೆಪ್ಪಗೆ ನಿಂತಿರುತ್ತದೆ. ಅಂಚಿನ ಉದ್ದಕ್ಕೂ ಒಂದು ಕಡೆ 990, ಪಕ್ಕದಲ್ಲಿ 1010 ಅಂತ ಏರುಪೇರಾದಾಗ ಮಾತ್ರ ಒತ್ತಡದ ಕೈಲಿ ಅದನ್ನು ಸರಿದೂಗಿಸಲು ಆಗುವುದಿಲ್ಲ. ಒತ್ತಡದ ಗ್ರೇಡಿಯಂಟ್‌ಗೆ ಸುತ್ತುವ ಬಲವನ್ನು ತಡೆಯುವ ಶಕ್ತಿ ಇಲ್ಲ. ಆ ಸುತ್ತುವ ಭಾಗವೇ ಸುಳಿಯಾಗಿ ಕಾಣಿಸಿಕೊಳ್ಳುತ್ತದೆ.

ಮೆಶ್‌ಮೇಷ್ಟ್ರು

ಒಪ್ಪಿದೆ. ಅವಸರದಲ್ಲಿ ಬರೆದೆ. ತೇಲುಗುಳ್ಳೆಯವರು ಹೇಳಿದ್ದೇ ಸರಿ.

ಹನಿಗಣಕ

ಮೇಷ್ಟ್ರೇ, ಮಾಡಿ ನೋಡಿದೆ. ವಕ್ರತೆ 1000 ಅಂತ ಕೈಯಾರೆ ಕೊಟ್ಟರೂ ಸೆಕೆಂಡಿಗೆ 0.04 ಮೀಟರ್ ವೇಗ ಇತ್ತು! ವಕ್ರತೆಯದ್ದೇ ತಪ್ಪು ಅಂತ ನಂಬಿದ್ದವನಿಗೆ ತಲೆಬುಡ ಗೊತ್ತಾಗಲಿಲ್ಲ.

ಆಮೇಲೆ ಒಂದೊಂದೇ ಸಾಲು ಓದಿದೆ. ಒತ್ತಡದ ಗ್ರೇಡಿಯಂಟನ್ನು ಸೆಲ್ಲಿನ ಮುಖದ ಮೇಲೆ ತೆಗೆಯುತ್ತಿದ್ದೆ, ಅಂದರೆ ಅಕ್ಕಪಕ್ಕದ ಎರಡು ಸೆಲ್ಲಿನ ವ್ಯತ್ಯಾಸ. ಆದರೆ ಮೇಲ್ಮೈ ಎಳೆತವನ್ನು ಸೆಲ್ಲಿನ ಮಧ್ಯದಲ್ಲಿ ಲೆಕ್ಕ ಹಾಕಿ, ಆಮೇಲೆ ಎರಡು ಸೆಲ್ಲಿನ ಸರಾಸರಿ ತೆಗೆದು ಮುಖಕ್ಕೆ ತರುತ್ತಿದ್ದೆ. ನೋಡೋದಕ್ಕೆ ತಪ್ಪೇ ಅನಿಸುವುದಿಲ್ಲ. ಎರಡನ್ನೂ ಮುಖದ ಮೇಲೆ ಒಂದೇ ರೀತಿ ತೆಗೆಯುವ ಹಾಗೆ ಬದಲಾಯಿಸಿದೆ. ಈಗ ವೇಗ ಸೆಕೆಂಡಿಗೆ 10 ನ್ಯಾನೊಮೀಟರ್. ಕಣ್ಣುಜ್ಜಿಕೊಂಡು ಮತ್ತೆ ನೋಡಿದೆ.

ಮೆಶ್‌ಮೇಷ್ಟ್ರು

ಶಭಾಷ್. ಆ ಉಳಿದ 10 ನ್ಯಾನೊಮೀಟರ್ ಕೂಡ ನಿಮ್ಮ ಒತ್ತಡದ ಸಾಲ್ವರ್ ಎಷ್ಟಕ್ಕೆ ಸಾಕು ಅಂತ ನಿಲ್ಲಿಸುತ್ತದೋ ಅದರಿಂದ ಬಂದದ್ದು. ಟಾಲರೆನ್ಸ್ ಇನ್ನೂ ಬಿಗಿ ಮಾಡಿ, ಅದೂ ಇಳಿಯುತ್ತದೆ.

ಆದದ್ದೇನು ಅಂದರೆ, ವಕ್ರತೆ ಎಲ್ಲಾ ಕಡೆ ಒಂದೇ ಆದಾಗ ಎಳೆತದ ಬಲ ಅನ್ನೋದು ನೀರಿನ ಪಾಲಿನ ಗ್ರೇಡಿಯಂಟ್‌ಗೆ ಒಂದು ಸ್ಥಿರ ಸಂಖ್ಯೆ ಗುಣಿಸಿದ್ದು ಅಷ್ಟೇ. ಒತ್ತಡ ನೀರಿನ ಪಾಲಿನಂತೆಯೇ ಹೆಜ್ಜೆ ಹಾಕಿದರೆ, ಅಂದರೆ ಒಳಗೆ 72, ಹೊರಗೆ 0, ಅಂಚಿನ ಸೆಲ್ಲಿನಲ್ಲಿ ಪಾಲಿಗೆ ತಕ್ಕಷ್ಟು ಇದ್ದರೆ, ಎರಡೂ ಕೊನೆಯ ದಶಾಂಶದವರೆಗೆ ಹೊಡೆದುಹೋಗುತ್ತವೆ. ಆದರೆ ಎರಡು ಗ್ರೇಡಿಯಂಟನ್ನೂ ಒಂದೇ ಜಾಗದಲ್ಲಿ, ಒಂದೇ ಸೂತ್ರದಲ್ಲಿ ತೆಗೆದಿರಬೇಕು. ಒಂದನ್ನು ಸೇರಿನಲ್ಲಿ, ಇನ್ನೊಂದನ್ನು ಪಾವಿನಲ್ಲಿ ಅಳೆದರೆ ತಕ್ಕಡಿ ನಿಲ್ಲುತ್ತದೆಯೇ? ಇದಕ್ಕೆ ಬ್ಯಾಲೆನ್ಸ್ಡ್ ಫೋರ್ಸ್ ಅಂತ ಹೆಸರು. ಫ್ರಾಂಸ್ವಾ ಮತ್ತು ಜೊತೆಗಾರರು 2006ರಲ್ಲಿ ಇದನ್ನು ಅಚ್ಚುಕಟ್ಟಾಗಿ ಬರೆದಿಟ್ಟರು.

ಇಲ್ಲಿಗೆ ಅರ್ಧ ಕೆಲಸ ಆಯಿತು. ಇನ್ನು ವಕ್ರತೆ. ಅದನ್ನು ಹೇಗೆ ತೆಗೆಯುತ್ತಿದ್ದೀರಿ? ಮತ್ತೆ, ಶುರುವಿನಲ್ಲಿ ಹನಿಯನ್ನು ಹೇಗೆ ತುಂಬಿಸಿದಿರಿ? ಸೆಲ್ಲಿನ ಮಧ್ಯಬಿಂದು ವೃತ್ತದೊಳಗಿದ್ದರೆ 1, ಇಲ್ಲದಿದ್ದರೆ 0, ಹಾಗೆ ತಾನೆ?

ಹನಿಗಣಕ

ಅಯ್ಯೋ, ಹಾಗೇ ಮಾಡಿದ್ದೇನೆ. ವಕ್ರತೆಗೆ ನೀರಿನ ಪಾಲನ್ನು ಒಂದು ಸಲ ಸವರಿ, ಗ್ರೇಡಿಯಂಟ್ ತೆಗೆದು, ಅದರ ಉದ್ದದಿಂದ ಭಾಗಿಸಿ, ಡೈವರ್ಜೆನ್ಸ್ (ಆ ದಿಕ್ಕುಗಳು ಎಷ್ಟು ಹರಡಿಕೊಳ್ಳುತ್ತವೆ ಅನ್ನೋದು). ಈಗ ಅಂಚಿನ ಸೆಲ್‌ಗಳಲ್ಲಿ ಏನು ಬರುತ್ತಿದೆ ಅಂತ ಪ್ರಿಂಟ್ ಮಾಡಿದೆ. 1000 ಇರಬೇಕಾದ ಕಡೆ 700ರಿಂದ 1300ರವರೆಗೆ ಕುಣಿಯುತ್ತಿದೆ.

ಶೂನ್ಯರೇಖೆ

ಇಷ್ಟೆಲ್ಲ ಪಾಡು ಯಾಕೆ? ವಿಓಎಫ್ ಬಿಟ್ಟು ಲೆವೆಲ್ ಸೆಟ್‌ಗೆ ಬನ್ನಿ. ಆಶರ್ ಮತ್ತು ಸೇಥಿಯನ್ 1988ರಲ್ಲೇ ದಾರಿ ಮಾಡಿಕೊಟ್ಟಿದ್ದಾರೆ. ಪ್ರತಿ ಬಿಂದುವಿನಲ್ಲೂ ಅಂಚಿಗೆ ಎಷ್ಟು ದೂರ ಅನ್ನೋದನ್ನು ಇಟ್ಟುಕೊಳ್ಳಿ. ಒಳಗೆ ಒಂದು ಚಿಹ್ನೆ, ಹೊರಗೆ ಇನ್ನೊಂದು. ಸೊನ್ನೆ ಇರುವ ಗೆರೆಯೇ ಅಂಚು. ಈ ದೂರ ಅನ್ನೋದು ನುಣುಪಾದ ಫಂಕ್ಷನ್. ಎರಡು ಸಲ ಡಿಫರೆನ್ಶಿಯೇಟ್ ಮಾಡಿದರೂ ಬೆಚ್ಚುವುದಿಲ್ಲ. ವಕ್ರತೆ ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಬರುತ್ತದೆ. 0ಯಿಂದ 1ಕ್ಕೆ ಒಂದೇ ಸೆಲ್ಲಿನಲ್ಲಿ ಹಾರುವ ಮೆಟ್ಟಿಲನ್ನು ಎರಡು ಸಲ ಡಿಫರೆನ್ಶಿಯೇಟ್ ಮಾಡ್ತೀನಿ ಅನ್ನೋದೇ ಹಠ.

ರಾತ್ರಿಪಾಳಿ

ಮತ್ತೆ ನೀರು ಕಳೆದುಹೋಗುತ್ತದಲ್ಲ, ಅದನ್ನು ಯಾರು ತುಂಬಿಕೊಡೋದು? ಒಂದು ಟ್ಯಾಂಕ್ ಅಲುಗಾಟದ ಕೆಲಸಕ್ಕೆ ಲೆವೆಲ್ ಸೆಟ್ ಬಳಸಿದೆ. ಸಾಯಂಕಾಲ ಬಿಟ್ಟು ಬೆಳಗ್ಗೆ ನೋಡಿದರೆ ಹನಿಗಳೆಲ್ಲ ಮಾಯ. ಸೋರಿಕೆ ಇಲ್ಲ, ಆವಿ ಇಲ್ಲ, ಸುಮ್ನೆ ಮಾಯ.

ಶೂನ್ಯರೇಖೆ

ರೀಇನಿಶಿಯಲೈಸೇಶನ್ ಸರಿಯಾಗಿ ಮಾಡಿಲ್ಲ ನೀವು.

ತೇಲುಗುಳ್ಳೆ

ಸರಿಯಾಗಿ ಮಾಡಿದರೂ ಸ್ವಲ್ಪ ಹೋಗುತ್ತದೆ, ಶೂನ್ಯರೇಖೆಯವರೇ. ಹರಿವಿನಲ್ಲಿ ದೂರದ ಫಂಕ್ಷನ್ ಕೆಡುತ್ತಾ ಬರುತ್ತದೆ. ಅದನ್ನು ಮತ್ತೆ ದೂರವಾಗಿಸುವಾಗ ಸೊನ್ನೆಯ ಗೆರೆ ಕೂದಲೆಳೆಯಷ್ಟು ಜರುಗುತ್ತದೆ. ಸಣ್ಣ ಹನಿಗೆ ಆ ಕೂದಲೆಳೆಯೇ ಜೀವ. ವಿಓಎಫ್ ಇದಕ್ಕೆ ತದ್ವಿರುದ್ಧ. ಹರ್ಟ್ ಮತ್ತು ನಿಕೋಲ್ಸ್ 1981ರಲ್ಲಿ ಕೊಟ್ಟಾಗಿನಿಂದಲೂ ಅದರ ಬಲ ಇರೋದು ಲೆಕ್ಕ ತಪ್ಪದ ನೀರಿನಲ್ಲಿ. ಒಂದು ಸೆಲ್ಲಿನಿಂದ ಹೋದದ್ದು ಪಕ್ಕದ ಸೆಲ್ಲಿಗೆ ಬಂದೇ ಬರುತ್ತದೆ. ಅದರ ಶಾಪ ವಕ್ರತೆ.

ಎರಡನ್ನೂ ಸೇರಿಸಿದ್ದೂ ಇದೆ. ಸಸ್‌ಮನ್, ಪಕೆಟ್ 2000ದಲ್ಲಿ ಮಾಡಿದರು. ಆದರೆ ಕಲಿಯುವವರ 2ಡಿ ಕೋಡಿಗೆ ಅದು ಮೂಗಿಗಿಂತ ಮೂಗುತಿ ಭಾರ. ಹನಿಗಣಕರು ಇರುವ ಕಡೆಯೇ ಮುಂದೆ ಹೋಗಲಿ.

ಮೆಶ್‌ಮೇಷ್ಟ್ರು

ಹೌದು. ವಿಓಎಫ್‌ನಲ್ಲೇ ವಕ್ರತೆಗೆ ಒಳ್ಳೆಯ ದಾರಿ ಇದೆ: ಹೈಟ್ ಫಂಕ್ಷನ್. ನನಗೆ ಇಡೀ ವಿಷಯದಲ್ಲಿ ಅತಿ ಇಷ್ಟವಾದ ತಂತ್ರ ಇದು. ಸ್ವಲ್ಪ ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ.

ಹನಿಯ ನೆತ್ತಿಯ ಹತ್ತಿರದ ಒಂದು ಸೆಲ್ ತೆಗೆದುಕೊಳ್ಳಿ. ಅದರ ಮೇಲೆ ಮೂರು, ಕೆಳಗೆ ಮೂರು, ಒಟ್ಟು ಏಳು ಸೆಲ್ಲಿನ ಒಂದು ಕಂಬ. ಕೆಳಗಿನವು ಪೂರ್ತಿ ನೀರು, ಮೇಲಿನವು ಪೂರ್ತಿ ಗಾಳಿ, ನಡುವೆ ಎಲ್ಲೋ ಅಂಚು. ಈ ಏಳೂ ಪಾಲನ್ನು ಕೂಡಿ. ಉದಾಹರಣೆಗೆ 3.62 ಬಂತು ಅನ್ನಿ. ಅದನ್ನು ಸೆಲ್ ಅಳತೆಯಿಂದ ಗುಣಿಸಿದರೆ ಆ ಕಂಬದಲ್ಲಿ ನೀರಿನ ಸರಾಸರಿ ಎತ್ತರ. ಇದರಲ್ಲಿ ಊಹೆ ಇಲ್ಲ, ಸವರುವುದು ಇಲ್ಲ, ಬರೀ ಕೂಡಿಸುವ ಲೆಕ್ಕ. ಪಾಲುಗಳು ಸರಿಯಿದ್ದರೆ ಎತ್ತರವೂ ಸರಿ.

ಎಡಕ್ಕೊಂದು, ಬಲಕ್ಕೊಂದು ಕಂಬ ಇಟ್ಟುಕೊಳ್ಳಿ. ಮೂರು ಎತ್ತರ ಸಿಕ್ಕಿತು. ಮೊದಲ ಡೆರಿವೇಟಿವ್, ಎರಡನೇ ಡೆರಿವೇಟಿವ್ ಎರಡೂ ಬಂದವು. ಇನ್ನು ವಕ್ರತೆಯ ಸೂತ್ರ ಹೈಸ್ಕೂಲ್ ದಾಟಿದವರಿಗೆಲ್ಲ ಗೊತ್ತಿರುವಂಥದ್ದೇ. ಅಂಚು ಅಡ್ಡಕ್ಕಿಂತ ಜಾಸ್ತಿ ಲಂಬವಾಗಿ ನಿಂತಿದ್ದರೆ ಕಂಬದ ಬದಲು ಅಡ್ಡಸಾಲು ತೆಗೆದುಕೊಳ್ಳಿ. ಇದು ಎರಡನೇ ದರ್ಜೆಯ ನಿಖರತೆ ಕೊಡುತ್ತದೆ. ಅಂದರೆ ಸೆಲ್ ಅರ್ಧ ಮಾಡಿದರೆ ತಪ್ಪು ಕಾಲು ಭಾಗಕ್ಕೆ ಬರುತ್ತದೆ. ನಿಮ್ಮ ಹಳೆಯ ವಿಧಾನದಲ್ಲಿ ಸವರುವ ಅಗಲ ಸೆಲ್ಲಿನ ಲೆಕ್ಕದಲ್ಲೇ ಇರುವುದರಿಂದ, ಸೆಲ್ ಎಷ್ಟು ಸಣ್ಣದಾದರೂ ಮೆಟ್ಟಿಲು ಮೆಟ್ಟಿಲಾಗಿಯೇ ಕಾಣುತ್ತದೆ.

ಎರಡು ಎಚ್ಚರಿಕೆ. ತ್ರಿಜ್ಯದಲ್ಲಿ ನಾಲ್ಕೈದು ಸೆಲ್ಲೂ ಇಲ್ಲದ ಸಣ್ಣ ಹನಿಗೆ ಕಂಬ ನಿಲ್ಲುವುದೇ ಇಲ್ಲ. ಕೆಳಗೆ ಹೋದರೆ ಇನ್ನೊಂದು ಬದಿಯಿಂದ ಗಾಳಿ ಬಂದುಬಿಡುತ್ತದೆ. ಅಲ್ಲಿ ಅಂಚಿನ ಬಿಂದುಗಳಿಗೆ ಒಂದು ಪ್ಯಾರಾಬೋಲಾ ಹೊಂದಿಸಿ ಕೆಲಸ ಸಾಗಿಸಬೇಕು. ಪೊಪಿನೆ 2009ರಲ್ಲಿ ಗೆರಿಸ್ ಸಾಲ್ವರ್‌ನಲ್ಲಿ ಮಾಡಿದ್ದು ಇದನ್ನೇ. ಎರಡನೆಯದು, ಆ 0-1 ತುಂಬುವಿಕೆಯನ್ನು ಮೊದಲು ಬಿಡಿ. ಮೆಟ್ಟಿಲು ಕೊಟ್ಟರೆ ಹೈಟ್ ಫಂಕ್ಷನ್ ಮೆಟ್ಟಿಲಿನ ವಕ್ರತೆಯನ್ನೇ ನಿಷ್ಠೆಯಿಂದ ಲೆಕ್ಕ ಹಾಕಿ ಕೊಡುತ್ತದೆ. ವೃತ್ತ ಪ್ರತಿ ಸೆಲ್ಲನ್ನು ಎಷ್ಟು ಕತ್ತರಿಸುತ್ತದೆ ಅನ್ನುವ ವಿಸ್ತೀರ್ಣವನ್ನು ಸರಿಯಾಗಿ ತೆಗೆದು ತುಂಬಿ.

ಹನಿಗಣಕ

ನಾಲ್ಕು ದಿನ ಬೇಕಾಯಿತು. ಅದರಲ್ಲಿ ಎರಡು ದಿನ ಕಂಬದಲ್ಲಿ ಯಾವ ಕಡೆ ನೀರು ಅನ್ನುವ ಚಿಹ್ನೆಯ ತಪ್ಪಿಗೇ ಹೋಯಿತು.

50 ಮೈಕ್ರಾನ್ ಗ್ರಿಡ್‌ನಲ್ಲಿ ವಕ್ರತೆಯ ತಪ್ಪು ಈಗ 1 ಪರ್ಸೆಂಟಿಗಿಂತ ಕಡಿಮೆ. ಸುಳಿಗಳು ಬಹಳ ಮೆತ್ತಗಾದವು. ಇನ್ನೂ ಸೊನ್ನೆಗೆ ಹೋಗಿಲ್ಲ, ನಿಧಾನಕ್ಕೆ ಇಳಿಯುತ್ತಿದೆ.

ಆದರೆ ಹೊಸ ಕಾಟ. 25 ಮೈಕ್ರಾನ್‌ಗೆ ಹೋದರೆ ಶುರುವಿನಲ್ಲಿ ಶಾಂತ. ವೇಗ ಇಳಿಯುತ್ತಾ ಬರುತ್ತದೆ. ಇನ್ನೇನು ಗೆದ್ದೆ ಅನ್ನುವಾಗ ಅಂಚಿನ ತುಂಬ ಗರಗಸದ ಹಲ್ಲಿನ ಹಾಗೆ ಏಳುತ್ತದೆ, ಕೋಡ್ ಸ್ಫೋಟ. ಟೈಮ್ ಸ್ಟೆಪ್ಪನ್ನು ಕೋರಾಂಟ್ ಸಂಖ್ಯೆ (ಒಂದು ಸ್ಟೆಪ್‌ನಲ್ಲಿ ಹರಿವು ಎಷ್ಟು ಸೆಲ್ ದಾಟುತ್ತದೆ ಅನ್ನೋದು) ನೋಡಿಕೊಂಡು ತಾನೇ ಹೊಂದಿಸಿಕೊಳ್ಳುವ ಹಾಗೆ ಬರೆದಿದ್ದೇನೆ, ಅದರಲ್ಲಿ ತಪ್ಪೇನೂ ಕಾಣುತ್ತಿಲ್ಲ.

ರಾತ್ರಿಪಾಳಿ

ಇದು ನನಗೆ ಗೊತ್ತು! ಈ ಸಲ ಮೇಷ್ಟ್ರು ಬೈಯುವುದಿಲ್ಲ.

ನಿಮ್ಮ ಹನಿ ಶಾಂತವಾದದ್ದೇ ಮುಳುವಾಯಿತು. ವೇಗ ಸೊನ್ನೆಯ ಹತ್ತಿರ ಬಂದಾಗ ಕೋರಾಂಟ್ ನಿಯಮ ಏನು ಹೇಳುತ್ತದೆ? ಏನೂ ಹರಿಯುತ್ತಿಲ್ಲ, ಸ್ಟೆಪ್ ಎಷ್ಟು ಬೇಕಾದರೂ ದೊಡ್ಡದು ಮಾಡಿಕೋ ಅನ್ನುತ್ತದೆ. ನಿಮ್ಮ ಕೋಡ್ ಹಾಗೇ ಮಾಡಿತು. ಆದರೆ ಮೇಲ್ಮೈ ಎಳೆತಕ್ಕೆ ಬೇರೆಯದೇ ಮಿತಿ ಇದೆ, ಅದು ಹರಿವಿನ ವೇಗವನ್ನು ಕೇಳುವುದೇ ಇಲ್ಲ. ಎರಡು ದ್ರವದ ಸಾಂದ್ರತೆ ಕೂಡಿ, ಸೆಲ್ ಅಳತೆಯ ಘನದಿಂದ ಗುಣಿಸಿ, ನಾಲ್ಕು ಪೈ ಸಲ ಎಳೆತದಿಂದ ಭಾಗಿಸಿ, ವರ್ಗಮೂಲ ತೆಗೆಯಿರಿ. ಸ್ಟೆಪ್ ಅದಕ್ಕಿಂತ ಕಡಿಮೆ ಇರಬೇಕು.

ನೀರು ಗಾಳಿಗೆ 50 ಮೈಕ್ರಾನ್‌ನಲ್ಲಿ ಅದು 11.8 ಮೈಕ್ರೋಸೆಕೆಂಡ್. 25ರಲ್ಲಿ 4.2. 10 ಮೈಕ್ರಾನ್‌ಗೆ ಹೋದರೆ ಬರೀ 1. ನಿಮ್ಮ ಗರಿಷ್ಠ ಸ್ಟೆಪ್ ಎಷ್ಟು ಕೊಟ್ಟಿದ್ದೀರಿ?

ನಾನು ಓಪನ್‌ಫೋಮ್ ಅನ್ನುವ ಹರಿವಿನ ತಂತ್ರಾಂಶದ ವಿಓಎಫ್ ಸಾಲ್ವರ್ ಇಂಟರ್‌ಫೋಮ್ ಬಳಸುವವನು. ಅಲ್ಲೂ ತಾನಾಗಿ ಹೊಂದುವ ಸ್ಟೆಪ್ ಕೋರಾಂಟ್ ನೋಡಿಯೇ ನಡೆಯುತ್ತದೆ. ಹಾಗಾಗಿ ಗರಿಷ್ಠ ಸ್ಟೆಪ್ಪನ್ನು ಈ ಲೆಕ್ಕ ಹಾಕಿ ಕೈಯಾರೆ ಕಟ್ಟಿಹಾಕುವುದು ನನಗೆ ಈಗ ಅಭ್ಯಾಸ. ಪೆಟ್ಟು ತಿಂದು ಕಲಿತದ್ದು.

ಹನಿಗಣಕ

ಗರಿಷ್ಠ 100 ಮೈಕ್ರೋಸೆಕೆಂಡ್ ಕೊಟ್ಟಿದ್ದೆ. 🤦

ಸುಮ್ನೆ_ಓದುಗ

ನಿಂತಿರೋ ಹನಿಗೆ ಇಷ್ಟು ಅವಸರ ಯಾಕೆ ಅಂತ ಯಾರಾದರೂ ಹೇಳ್ತೀರಾ? ಏನೂ ಓಡಾಡ್ತಿಲ್ಲವಲ್ಲ.

ತೇಲುಗುಳ್ಳೆ

ಹನಿ ನಿಂತಿದೆ, ಆದರೆ ಅದರ ಮೈಮೇಲೆ ಅಲೆ ಓಡಬಹುದು. ಎಳೆತದಿಂದ ನಡೆಯುವ ಅಲೆಗಳ ಗುಣ ಏನಂದರೆ, ಸಣ್ಣದಾದಷ್ಟೂ ವೇಗ ಜಾಸ್ತಿ. ಸಮುದ್ರದ ದೊಡ್ಡ ಅಲೆಗಳಿಗೆ ಇದು ಉಲ್ಟಾ, ಅಲ್ಲಿ ಉದ್ದನೆಯ ಅಲೆಯೇ ಮುಂದೆ ಓಡುವುದು.

ಗ್ರಿಡ್‌ನಲ್ಲಿ ಇರಬಹುದಾದ ಅತಿ ಸಣ್ಣ ಅಲೆ ಎರಡು ಸೆಲ್ ಉದ್ದದ್ದು. 50 ಮೈಕ್ರಾನ್ ಸೆಲ್ ಅಂದರೆ 100 ಮೈಕ್ರಾನ್ ಅಲೆ. ನೀರಿನ ಮೇಲೆ ಅದು ಸೆಕೆಂಡಿಗೆ 2 ಮೀಟರ್‌ಗಿಂತ ತುಸು ಜಾಸ್ತಿ ವೇಗದಲ್ಲಿ ಓಡುತ್ತದೆ. ಅಂಥ ಅಲೆ ನಮಗೆ ಬೇಕಾಗಿಲ್ಲ, ಆದರೂ ಲೆಕ್ಕದ ಕೊನೆಯ ದಶಾಂಶದ ಗದ್ದಲದಲ್ಲಿ ಅದು ಯಾವಾಗಲೂ ಇರುತ್ತದೆ. ಒಂದು ಸ್ಟೆಪ್‌ನಲ್ಲಿ ಅದು ಅರ್ಧ ಸೆಲ್‌ಗಿಂತ ಜಾಸ್ತಿ ಜರುಗಿದರೆ, ಬಲದ ಲೆಕ್ಕ ಅಲೆಯ ಹಿಂದೆ ಬೀಳುತ್ತದೆ. ತಗ್ಗಿಸಬೇಕಾದ ಕಡೆ ಉಬ್ಬಿಸುತ್ತದೆ. ಅದೇ ಗರಗಸದ ಹಲ್ಲು.

ಇದರ ಬೆಲೆ ನೋಡಿ. ಸೆಲ್ ಅರ್ಧ ಮಾಡಿದರೆ 2ಡಿಯಲ್ಲಿ ಸೆಲ್ಲುಗಳು 4 ಪಟ್ಟು, ಸ್ಟೆಪ್‌ಗಳು 2.83 ಪಟ್ಟು. ಒಟ್ಟು ಕೆಲಸ 11 ಪಟ್ಟಿಗೂ ಮೇಲೆ. 3ಡಿಯಲ್ಲಿ ಹತ್ತಿರ ಹತ್ತಿರ 23 ಪಟ್ಟು. ಸಣ್ಣ ಹನಿಗಳ ಲೆಕ್ಕ ದುಬಾರಿ ಆಗೋದು ಇದರಿಂದಲೇ.

ಶೂನ್ಯರೇಖೆ

ಎಳೆತವನ್ನು ಇಂಪ್ಲಿಸಿಟ್ ಆಗಿ, ಅಂದರೆ ಮುಂದಿನ ಸ್ಟೆಪ್‌ನ ಅಂಚನ್ನೇ ಇಟ್ಟುಕೊಂಡು ಬಿಡಿಸಿದರೆ ಈ ಮಿತಿಯನ್ನು ದಾಟಬಹುದು. ಆದರೆ ಒತ್ತಡ, ವೇಗ, ಅಂಚು ಮೂರನ್ನೂ ಒಂದೇ ಮ್ಯಾಟ್ರಿಕ್ಸ್‌ಗೆ ಕಟ್ಟಬೇಕು. ಮತ್ತೆ ದೊಡ್ಡ ಸ್ಟೆಪ್ ತೆಗೆದುಕೊಂಡರೆ ಆ ಸಣ್ಣ ಅಲೆಗಳ ಭೌತಶಾಸ್ತ್ರ ಹೇಗೂ ಅಳಿಸಿಹೋಗುತ್ತದೆ. ಅವು ಬೇಡದ ಕೆಲಸಕ್ಕೆ ಮಾತ್ರ ಲಾಭ.

ಮೆಶ್‌ಮೇಷ್ಟ್ರು

ಹನಿಗಣಕರೇ, ಇನ್ನೂ ಸೊನ್ನೆಗೆ ಹೋಗಿಲ್ಲ ಅಂದಿರಲ್ಲ. ಅದು ತಪ್ಪಲ್ಲ, ತಾಳ್ಮೆಯ ವಿಷಯ. ಬ್ಯಾಲೆನ್ಸ್ ಸರಿಯಿದ್ದು ವಕ್ರತೆಯೂ ಚೆನ್ನಾಗಿದ್ದರೆ, ಹನಿ ತನ್ನ ಆಕಾರವನ್ನು ಕೂದಲೆಳೆಯಷ್ಟು ಹೊಂದಿಸಿಕೊಳ್ಳುತ್ತದೆ. ಗ್ರಿಡ್ ಕಣ್ಣಿಗೆ ವಕ್ರತೆ ಎಲ್ಲಾ ಕಡೆ ಒಂದೇ ಆಗುವ ಆಕಾರ ಸಿಕ್ಕ ಮೇಲೆ ನಿಲ್ಲುತ್ತದೆ. ಪೊಪಿನೆ ತೋರಿಸಿದ್ದು ಇದನ್ನೇ. ಸಾಕಷ್ಟು ಹೊತ್ತು ಓಡಿಸಿದರೆ ಕಳ್ಳ ಪ್ರವಾಹ ಕಂಪ್ಯೂಟರಿನ ಕೊನೆಯ ದಶಾಂಶದವರೆಗೂ ಇಳಿಯುತ್ತದೆ. ಆ ಹೊತ್ತು ಎಷ್ಟು ಅನ್ನೋದನ್ನು ಸ್ನಿಗ್ಧತೆ ತೀರ್ಮಾನಿಸುತ್ತದೆ: ವ್ಯಾಸದ ವರ್ಗವನ್ನು ಸಾಂದ್ರತೆಯಿಂದ ಗುಣಿಸಿ ಸ್ನಿಗ್ಧತೆಯಿಂದ ಭಾಗಿಸಿ. ನಿಮ್ಮ ಹನಿಗೆ ಸುಮಾರು 4 ಸೆಕೆಂಡ್. 11.8 ಮೈಕ್ರೋಸೆಕೆಂಡ್ ಸ್ಟೆಪ್‌ನಲ್ಲಿ 3.4 ಲಕ್ಷ ಸ್ಟೆಪ್.

ಅಷ್ಟು ಕಾಯಲು ಆಗದಿದ್ದರೆ ಈ ಒಂದು ಪರೀಕ್ಷೆಗೆ ಮಾತ್ರ ಸ್ನಿಗ್ಧತೆ ಜಾಸ್ತಿ ಮಾಡಿ.

ರಾತ್ರಿಪಾಳಿ

ಎಲ್ಲರೂ ಓದಿದಿರಿ ತಾನೆ? ಮೇಷ್ಟ್ರೇ ಸ್ನಿಗ್ಧತೆ ಏರಿಸಿ ಅಂದರು. ಇದನ್ನು ಉಳಿಸಿಟ್ಟುಕೊಳ್ಳುತ್ತೇನೆ.

ಹನಿಗಣಕ

ಸ್ಟೆಪ್ ಕಟ್ಟಿಹಾಕಿದ ಮೇಲೆ ಸ್ಫೋಟ ನಿಂತಿತು. ಸ್ನಿಗ್ಧತೆ ಏರಿಸಿದ ಪರೀಕ್ಷೆಯಲ್ಲಿ ವೇಗ ನಿಜಕ್ಕೂ ಸೊನ್ನೆಯತ್ತ ಹೋಗುತ್ತಿದೆ.

ಧೈರ್ಯ ಬಂತು ಅಂತ, ಮತ್ತೆ ನೀರಿನ ಸ್ನಿಗ್ಧತೆಗೇ ಬಂದು ಕುಣಿಯುವ ಹನಿ ತೆಗೆದುಕೊಂಡೆ. ವೃತ್ತವನ್ನು 5 ಪರ್ಸೆಂಟ್ ಚಪ್ಪಟೆ ಮಾಡಿ ಬಿಟ್ಟರೆ ಅದು ಹಿಗ್ಗಿ ಕುಗ್ಗಿ ಆಡುತ್ತದೆ. ರೇಲಿಯ 1879ರ ಸೂತ್ರದ ಪ್ರಕಾರ ಕೋನೀಯ ಆವರ್ತನದ ವರ್ಗ ಅಂದರೆ 8 ಸಲ ಎಳೆತ, ಭಾಗಿಸು ಸಾಂದ್ರತೆ, ಭಾಗಿಸು ತ್ರಿಜ್ಯದ ಘನ. ಒಂದು ಸುತ್ತಿಗೆ 8.28 ಮಿಲಿಸೆಕೆಂಡ್ ಬರಬೇಕು. ನನಗೆ 9.7 ಬರುತ್ತಿದೆ. 17 ಪರ್ಸೆಂಟ್ ತಪ್ಪು! ಮೆಶ್ ಸಣ್ಣ ಮಾಡಿದರೂ ಅಲ್ಲಾಡುತ್ತಿಲ್ಲ. ಮತ್ತೆ ಎಲ್ಲಿ ಎಡವಿದೆ?

ಶೂನ್ಯರೇಖೆ

ಎಲ್ಲೂ ಎಡವಿಲ್ಲ, ಸೂತ್ರ ಬೇರೆಯವರದ್ದು. ಆ 8 ಅನ್ನೋದು ಗೋಳದ ಹನಿಗೆ. ನಿಮ್ಮದು 2ಡಿ, ಅಂದರೆ ನಿಜದಲ್ಲಿ ಉದ್ದನೆಯ ನೀರಿನ ಕಂಬಿ. ಅದಕ್ಕೆ 8ರ ಜಾಗದಲ್ಲಿ 6 ಬರುತ್ತದೆ. ಲೆಕ್ಕ ಹಾಕಿದರೆ 9.56 ಮಿಲಿಸೆಕೆಂಡ್. ನಿಮ್ಮ 9.7ಕ್ಕೆ ಒಂದೂವರೆ ಪರ್ಸೆಂಟ್ ದೂರ ಅಷ್ಟೇ.

ಮೆಶ್ ಬದಲಾದರೂ ಒಂದು ತಪ್ಪು ಜಗ್ಗುವುದಿಲ್ಲ ಅಂದರೆ ಮೊದಲು ಅನುಮಾನಿಸಬೇಕಾದ್ದು ಉತ್ತರ ಪತ್ರಿಕೆಯನ್ನು.

ಹನಿಗಣಕ

ಮುಖ ಎಲ್ಲಿ ಇಟ್ಟುಕೊಳ್ಳಲಿ. ಒತ್ತಡಕ್ಕೆ ಗೋಳದ 144ರ ಬದಲು 72 ಅಂತ 2ಡಿ ಸೂತ್ರ ನೆನಪಿಟ್ಟವನು ಇಲ್ಲಿ ಮರೆತೆ.

ಸರಿ, ಸಮಯ ಹೊಂದಿತು. ಆದರೆ ಐದು ಸುತ್ತು ಆಗುವುದರೊಳಗೆ ಕುಣಿತ ಅರ್ಧಕ್ಕೆ ಇಳಿದುಬಿಡುತ್ತದೆ. ಇದು ಸರಿಯಾ?

ಮೆಶ್‌ಮೇಷ್ಟ್ರು

ಸರಿಯಲ್ಲ. 2ಡಿಯಲ್ಲಿ ಈ ಕುಣಿತ ನೀರಿನ ಸ್ನಿಗ್ಧತೆಯಿಂದ ಕುಂದುವ ಕಾಲಮಾನ ತ್ರಿಜ್ಯದ ವರ್ಗ ಭಾಗಿಸು ನಾಲ್ಕು ಸಲ ಕೈನೆಮ್ಯಾಟಿಕ್ ಸ್ನಿಗ್ಧತೆ (ಸ್ನಿಗ್ಧತೆಯನ್ನು ಸಾಂದ್ರತೆಯಿಂದ ಭಾಗಿಸಿದ್ದು). ನಿಮಗೆ ಅದು 0.25 ಸೆಕೆಂಡ್. ಐದು ಸುತ್ತು ಅಂದರೆ 48 ಮಿಲಿಸೆಕೆಂಡ್, ಅಷ್ಟರಲ್ಲಿ 17 ಪರ್ಸೆಂಟ್ ಇಳಿಯಬೇಕು, 50 ಅಲ್ಲ. ಉಳಿದದ್ದನ್ನು ನುಂಗಿದ್ದು ನಿಮ್ಮ ಕೋಡ್. ವೇಗವನ್ನು ಸಾಗಿಸಲು ಮೊದಲ ದರ್ಜೆಯ ಅಪ್‌ವಿಂಡ್ (ಹರಿವು ಬರುವ ಕಡೆಯ ಸೆಲ್ಲಿನ ಬೆಲೆಯನ್ನೇ ತೆಗೆದುಕೊಳ್ಳುವ ಸ್ಕೀಮ್) ಬಳಸಿದ್ದೀರಾ?

ಹನಿಗಣಕ

ಹೌದು… ಸ್ಥಿರವಾಗಿರಲಿ ಅಂತ.

ಮೆಶ್‌ಮೇಷ್ಟ್ರು

ಸ್ಥಿರವಾಗಿಯೇ ಇದೆ, ಎಣ್ಣೆಯಲ್ಲಿ ಅದ್ದಿದ ಹಾಗೆ. ಎರಡನೇ ದರ್ಜೆಯ ಸ್ಕೀಮ್ ಹಾಕಿ.

ಅದು ಮುಗಿದ ಮೇಲೆ ಇನ್ನೊಂದು ಮಾಡಿ, ನನ್ನ ಕಣ್ಣಿಗೆ ಇದೇ ನಿಜವಾದ ಪರೀಕ್ಷೆ. ಪೆಟ್ಟಿಗೆಯ ಎಡಬಲ ಅಂಚುಗಳನ್ನು ಪೀರಿಯಾಡಿಕ್ ಮಾಡಿ, ಅಂದರೆ ಬಲಕ್ಕೆ ಹೊರಬಿದ್ದದ್ದು ಎಡದಿಂದ ಒಳಬರಲಿ. ಹನಿಗೂ ಗಾಳಿಗೂ ಒಂದೇ ವೇಗ ಕೊಟ್ಟು ಜೊತೆಯಾಗಿ ಸಾಗಲು ಬಿಡಿ. ಹನಿಯ ಮೇಲೆ ಕೂತು ನೋಡಿದವನಿಗೆ ಏನೂ ಆಗುತ್ತಿಲ್ಲ, ಅದು ನಿಂತ ಹನಿಯೇ. ಆದರೆ ಗ್ರಿಡ್‌ಗೆ ಹಾಗಲ್ಲ. ನಿಂತ ಹನಿಗೆ ತನಗೊಪ್ಪುವ ಆಕಾರ ಹುಡುಕಿಕೊಳ್ಳಲು 4 ಸೆಕೆಂಡ್ ಬಿಡುವು ಇತ್ತು. ಸಾಗುವ ಹನಿಗೆ ಪ್ರತಿ ಗಳಿಗೆಯೂ ಹೊಸ ಸೆಲ್. ಹೊಂದಿಕೊಳ್ಳುವ ಮೊದಲೇ ಅಂಚು ಮುಂದೆ ಹೋಗಿರುತ್ತದೆ.

ರಾತ್ರಿಪಾಳಿ

ಗೋಡೆಗೆ ಅಂಟಿದ ಹನಿಯ ಬಗ್ಗೆಯೂ ಯಾರಾದರೂ ಬರೆಯಿರಿ. ಕಾಂಟ್ಯಾಕ್ಟ್ ಆ್ಯಂಗಲ್ (ಹನಿಯ ಅಂಚು ಗೋಡೆಯನ್ನು ಮುಟ್ಟುವ ಕೋನ) 60 ಡಿಗ್ರಿ ಅಂತ ಕೊಟ್ಟರೂ ಹನಿ ಹರಡುವ ವೇಗ ಮೆಶ್ ಬದಲಿಸಿದಂತೆಲ್ಲ ಬದಲಾಗುತ್ತದೆ.

ತೇಲುಗುಳ್ಳೆ

ಅದಕ್ಕೆ ಬೇರೆ ಚರ್ಚೆಯೇ ಬೇಕು. ಒಂದೇ ಮಾತಲ್ಲಿ ಹೇಳಬೇಕೆಂದರೆ, ಗೋಡೆಯ ಮೇಲೆ ವೇಗ ಸೊನ್ನೆ ಅನ್ನುವ ನಿಯಮವೂ, ಅಂಚು ಗೋಡೆಯ ಮೇಲೆ ಜರುಗಬೇಕು ಅನ್ನುವುದೂ ಒಟ್ಟಿಗೆ ಬಾಳುವುದಿಲ್ಲ. ಹಾಗೆ ಬಾಳಿಸಿದರೆ ಎಳೆದಾಟದ ಬಲ ಅನಂತಕ್ಕೆ ಹೋಗುತ್ತದೆ ಅಂತ ಹೂ ಮತ್ತು ಸ್ಕ್ರಿವೆನ್ 1971ರಲ್ಲೇ ತೋರಿಸಿದರು. ನಿಮ್ಮ ಮೆಶ್ ಸುಮ್ನೆ ತನ್ನ ಸೆಲ್ ಅಳತೆಯಷ್ಟು ಜಾರಿಕೆಯನ್ನು ಒಳಗಿಂದೊಳಗೇ ಸೇರಿಸಿಬಿಡುತ್ತಿದೆ. ಸೆಲ್ ಬದಲಾದರೆ ಜಾರಿಕೆಯೂ ಬದಲು. ಹೊಸ ಎಳೆ ತೆರೆಯಿರಿ, ಬರೆಯುತ್ತೇನೆ.

ಹನಿಗಣಕ

ಸಾಗುವ ಹನಿಯ ಫಲಿತಾಂಶ ಹಾಕುತ್ತಿದ್ದೇನೆ. ಸೆಕೆಂಡಿಗೆ 0.1 ಮೀಟರ್ ವೇಗ, ಪೆಟ್ಟಿಗೆ ಒಂದು ಸಲ ದಾಟಲು 40 ಮಿಲಿಸೆಕೆಂಡ್. ಹನಿಯ ಜೊತೆಗೆ ಸಾಗುತ್ತಾ ನೋಡಿದರೆ ಉಳಿಯುವ ಕಳ್ಳ ಪ್ರವಾಹ 50 ಮೈಕ್ರಾನ್ ಗ್ರಿಡ್‌ನಲ್ಲಿ ಸಾಗುವ ವೇಗದ 2 ಪರ್ಸೆಂಟ್. 25ರಲ್ಲಿ 1ರ ಹತ್ತಿರ. ಸೊನ್ನೆಗೆ ಹೋಗುವ ಲಕ್ಷಣವೇ ಇಲ್ಲ, ಎಷ್ಟು ಹೊತ್ತು ಓಡಿಸಿದರೂ ಅಷ್ಟೇ.

ಒಂದು ವಿಚಿತ್ರ ಕಂಡಿತು. ಆ ವೇಗದ ಗ್ರಾಫ್ ನೇರ ಗೆರೆಯಲ್ಲ. ಒಂದೇ ಲಯದಲ್ಲಿ ಮಿಡಿಯುತ್ತಿದೆ, ಸರಿಯಾಗಿ 0.5 ಮಿಲಿಸೆಕೆಂಡಿಗೆ ಒಂದು ಸಲ. ಮೊದಲು ಅಲೆ ಇರಬೇಕು ಅಂದುಕೊಂಡೆ. ಆಮೇಲೆ 50 ಮೈಕ್ರಾನನ್ನು 0.1ರಿಂದ ಭಾಗಿಸಿದೆ. ಹನಿ ಒಂದು ಸೆಲ್ ದಾಟುವ ಸಮಯ ಅದು.

ಮೆಶ್‌ಮೇಷ್ಟ್ರು

ಪ್ರತಿ ಸೆಲ್ ದಾಟುವಾಗಲೂ ಹೈಟ್ ಫಂಕ್ಷನ್‌ನ ತಪ್ಪು ಒಂದು ಸುತ್ತು ಏರಿ ಇಳಿಯುತ್ತದೆ. ಅದೇ ನಿಮಗೆ ಕೇಳಿಸುತ್ತಿರುವ ಮಿಡಿತ. ಹನಿಯನ್ನು ಗ್ರಿಡ್‌ಗೆ 45 ಡಿಗ್ರಿ ಓರೆಯಾಗಿ ಸಾಗಿಸಿ, ಮಿಡಿತದ ಲಯ ಬದಲಾಗುತ್ತದಾ ನೋಡಿ. ಗ್ರಾಫ್ ಇಲ್ಲೇ ಹಾಕಿ.